ಡಿಎಂಎಸ್‌ಒದಾಗ ಹೊಳೆಯೋ ಫ್ಲೋರೈಡ್ ಸೆನ್ಸರ್ ಬೋರ್ ನೀರಿಗೆ ಯಾಕ ಕೆಲಸ ಮಾಡ್ತಿಲ್ಲ?

ಭೀಮಾತೀರ, ಕಲಬುರಗಿ:
ಎಂ.ಎಸ್ಸಿ. ಪ್ರಾಜೆಕ್ಟಿಗೆ ಯೂರಿಯಾ ಗುಂಪಿರೋ ಸೆನ್ಸರ್ (ಫ್ಲೋರೈಡ್ ಕಂಡ್ರ ಬಣ್ಣ ಬದಲಿಸೋ ರಾಸಾಯನಿಕ) ತಯಾರಾಗ್ಯದ. ಡಿಎಂಎಸ್‌ಒದಾಗ (ಡೈಮೀಥೈಲ್ ಸಲ್ಫಾಕ್ಸೈಡ್ ಅನ್ನೋ ಸಾವಯವ ದ್ರಾವಕ) 10 ಮೈಕ್ರೊಮೋಲಾರ್ ಇಟ್ಟು ಟೆಟ್ರಾಬ್ಯೂಟೈಲ್ ಅಮೋನಿಯಂ (ಟಿಬಿಎ) ಫ್ಲೋರೈಡ್ ಹಾಕಿದ್ರ ಹಳದಿ ಆಗ್ತದ, ಯುವಿ ಲ್ಯಾಂಪಿನ ಕೆಳಗ ಹೊಳೀತದ. 2 ಮಿ.ಲೀ. ಸೆನ್ಸರ್ ದ್ರಾವಣಕ್ಕ ಸುರಪುರ ಕಡೆಯ ಬೋರ್ ನೀರು 100 ಮೈಕ್ರೊಲೀಟರ್ ಹಾಕಿದ್ರ ಏನೂ ಇಲ್ಲ. ಫ್ಲೋರೈಡ್ ಅಳೆಯೋ ಎಲೆಕ್ಟ್ರೋಡ್ ಅದೇ ನೀರಿಗೆ ಲೀಟರಿಗೆ 2.4 ಮಿ.ಗ್ರಾಂ ತೋರಿಸ್ತದ. ನೀರು ಜಾಸ್ತಿ ಹಾಕಬೇಕೇನ್ರಿ?

ಕೃಷ್ಣಾದಂಡೆ:
ಜಾಸ್ತಿ ಹಾಕಿದ್ರೂ ಆಗಂಗಿಲ್ರಿ. 2.4 ಮಿ.ಗ್ರಾಂ ಅಂದ್ರ 126 ಮೈಕ್ರೊಮೋಲಾರ್. ನೀವು ಹಾಕಿದಷ್ಟಕ್ಕ ಕ್ಯುವೆಟ್‌ನಾಗ (ಅಳತೆಯ ಪುಟ್ಟ ಪಾತ್ರೆ) ಉಳಿಯೋದು ಬರೇ 6 ಮೈಕ್ರೊಮೋಲಾರ್. ಅರ್ಧಕ್ಕರ್ಧ ಹಾಕಿದ್ರ 63 ಸಿಗ್ತದ, ಆದ್ರ ಅಷ್ಟು ನೀರೇ ಸೆನ್ಸರನ್ನ ಕೊಲ್ತದ. ಫ್ಲೋರೈಡ್ ಸಣ್ಣ ಅಯಾನು, ನೀರಿನ ಕಣಗಳು ಅದನ್ನ ಬಿಗಿಯಾಗಿ ಸುತ್ತಿಕೊಂಡಿರ್ತಾವ. ಯೂರಿಯಾದ ಎನ್‌ಎಚ್ ಅದನ್ನ ಬಿಡಿಸಿಕೊಳ್ಳೋವಷ್ಟು ಬಲದ್ದಲ್ಲ.

ಮೊದಲು ಒಂದು ಪರೀಕ್ಷೆ ಮಾಡ್ರಿ: ಅದೇ ಸೆನ್ಸರಿಗೆ ಟಿಬಿಎ ಹೈಡ್ರಾಕ್ಸೈಡ್, ಟಿಬಿಎ ಅಸಿಟೇಟ್ ಬೇರೆ ಬೇರೆ ಹಾಕಿ ನೋಡ್ರಿ. ಹೈಡ್ರಾಕ್ಸೈಡಿಗೂ ಅದೇ ಹಳದಿ ಬಂದ್ರ, ಸೆನ್ಸರ್ ಫ್ಲೋರೈಡನ್ನ ಹಿಡಿದಿದ್ದಲ್ಲ, ತನ್ನ ಎನ್‌ಎಚ್‌ನ ಪ್ರೋಟಾನ್ ಕಳಕೊಂಡದ್ದು. ಒಂದೆರಡು ಹನಿ ಮೆಥನಾಲಿಗೆ ಬಣ್ಣ ಹೋಗೋದೂ ಅದಕ್ಕ ಹೊಂದ್ತದ, ಆದ್ರ ಅದೊಂದೇ ಖಾತ್ರಿ ಅಲ್ಲ. ಇದನ್ನ ವರದಿಯಾಗ ಬರೀರಿ, ಮುಚ್ಚಿಡಬ್ಯಾಡ್ರಿ.

ಕಲ್ಲುನೆಲ, ಯಾದಗಿರಿ:
ನೀರಿನಲ್ಲೇ ಅಳೆಯಬೇಕಾದರೆ ಅಲ್ಯೂಮಿನಿಯಂ–ಮೋರಿನ್ ದಾರಿ ಹಿಡಿಯಿರಿ. ಮೋರಿನ್ ಅನ್ನೋ ಹಳದಿ ಸಸ್ಯಬಣ್ಣ ಅಲ್ಯೂಮಿನಿಯಂ ಜೊತೆ ಹಸಿರಾಗಿ ಹೊಳೆಯುತ್ತದೆ. ಫ್ಲೋರೈಡ್ ಅಲ್ಯೂಮಿನಿಯಂ ಕಸಿದುಕೊಂಡಷ್ಟೂ ಹೊಳಪು ಇಳಿಯುತ್ತದೆ.

1 ಮಿಲಿಮೋಲಾರ್ ಅಲ್ಯೂಮಿನಿಯಂಗೆ 47.4 ಮಿ.ಗ್ರಾಂ ಪೊಟ್ಯಾಷ್ ಆಲಂ, 100 ಮಿ.ಲೀ. ನೀರಿಗೆ. ಅಷ್ಟೇ ಸಾರದ ಮೋರಿನ್ ಎಥನಾಲಿನಲ್ಲಿ: 30.2 ಮಿ.ಗ್ರಾಂ, ಬಾಟಲಿಯ ಮೇಲೆ ಹೈಡ್ರೇಟ್ ಎಂದಿದ್ದರೆ ತೂಕ ಸರಿಪಡಿಸಿ. 25 ಮಿ.ಲೀ. ಪ್ಲಾಸ್ಟಿಕ್ ಫ್ಲಾಸ್ಕಿನಲ್ಲಿ 5 ಮಿ.ಲೀ. ಬೋರ್ ನೀರು, 1 ಮೋಲಾರ್ ಅಸಿಟೇಟ್ ಬಫರ್ (ಪಿಎಚ್ 4.8) 2.5 ಮಿ.ಲೀ., ಆಲಂ ದ್ರಾವಣ 0.5 ಮಿ.ಲೀ. ಹಾಕಿ 15 ನಿಮಿಷ ಬಿಡಿ. ಆಮೇಲೆ ಮೋರಿನ್ 0.5 ಮಿ.ಲೀ., ಎಥನಾಲ್ 10 ಮಿ.ಲೀ., ಉಳಿದದ್ದು ಡಿಸ್ಟಿಲ್ಡ್ ನೀರು. ಮೋರಿನ್ ಮೊದಲೇ ಹಾಕಿದರೆ ಫ್ಲೋರೈಡ್ ನಿಧಾನಕ್ಕೆ ಅಲ್ಯೂಮಿನಿಯಂ ಕಸಿಯುತ್ತಾ ಹೋಗುತ್ತದೆ, ಅಂಕಿ ನಿಲ್ಲುವುದಿಲ್ಲ. 420 ನ್ಯಾನೋಮೀಟರಿನಲ್ಲಿ ಉದ್ದೀಪಿಸಿ, 500ರ ಆಸುಪಾಸು ಓದಿ. ಲೀಟರಿಗೆ 0ರಿಂದ 3 ಮಿ.ಗ್ರಾಂವರೆಗೆ ಆರು ಸ್ಟ್ಯಾಂಡರ್ಡ್ (ಫ್ಲೋರೈಡ್ ಪ್ರಮಾಣ ಗೊತ್ತಿರುವ ದ್ರಾವಣ) ಸಾಕು. ಗ್ರಾಫ್ ಬಾಗಿದರೆ ಬಾಗಲಿ, ಎಳೆದು ನೇರ ಗೆರೆ ಮಾಡಬೇಡಿ.

ನಮ್ಮ ಕಡೆಯ ಗ್ರಾನೈಟ್ ನೆಲದಲ್ಲಿ ಫ್ಲೋರೈಡ್ ಹೆಚ್ಚಿರುವ ನೀರಿಗೆ ಬೈಕಾರ್ಬನೇಟೂ ಹೆಚ್ಚಿರುವುದುಂಟು. ಬಫರ್ ತೆಳುವಾದರೆ ಪಿಎಚ್ ಏರಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಹಾಗಾಗಿ ಬೆರೆಸಿದ ಮೇಲೂ ಪಿಎಚ್ ನೋಡಿ. ಫಾಸ್ಫೇಟ್ ಇದ್ದರೆ ಫ್ಲೋರೈಡ್ ಹೆಚ್ಚೆಂದು ತೋರಿಸುತ್ತದೆ. ಕಬ್ಬಿಣವೂ ಮೋರಿನ್ ಹಿಡಿದು ಹೊಳಪು ತಗ್ಗಿಸುತ್ತದೆ. ಅದನ್ನು ತಡೆಯಲು ಚಿಟಿಕೆ ಆಸ್ಕಾರ್ಬಿಕ್ ಆಮ್ಲ ಹಾಕಿ.

ಭೀಮಾತೀರ:
ಸ್ಯಾಂಪಲ್ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕಿ ತರಬೇಕಾ?

ಕಲ್ಲುನೆಲ, ಯಾದಗಿರಿ:
ಬೇಡ. ಅದು ಸೀಸ, ಕ್ಯಾಡ್ಮಿಯಂ ನೋಡುವ ಬಾಟಲಿಗೆ. ಫ್ಲೋರೈಡಿಗೆ ಪ್ರತ್ಯೇಕ ಪಾಲಿಥೀನ್ ಬಾಟಲಿ, ಆಸಿಡ್ ಇಲ್ಲದೆ. ಗಾಜು ಬೇಡವೇ ಬೇಡ. ಅದೇ ನೀರನ್ನು ಅಷ್ಟೇ ಡಿಸ್ಟಿಲ್ಡ್ ನೀರಿನಿಂದ ತೆಳುಮಾಡಿ ಓದಿ (ಇಲ್ಲದಿದ್ದರೆ 3 ದಾಟುತ್ತದೆ), ಆಮೇಲೆ ಅದಕ್ಕೆ ಲೀಟರಿಗೆ 1 ಮಿ.ಗ್ರಾಂ ಫ್ಲೋರೈಡ್ ಆಗುವಂತೆ ಸೋಡಿಯಂ ಫ್ಲೋರೈಡ್ ಸೇರಿಸಿ ಮತ್ತೆ ಓದಿ. 0.9ರಿಂದ 1.1 ವಾಪಸ್ ಬಂದರೆ ಮಾತ್ರ ಅಂಕಿ ನಂಬಿ. ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500ರ ಮಿತಿ ಲೀಟರಿಗೆ 1.0 ಮಿ.ಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5.

ಕೃಷ್ಣಾದಂಡೆ:
ಎಲೆಕ್ಟ್ರೋಡಿಗೂ ಒಂದು ಮಾತು. ಫ್ಲೋರೈಡ್ ಹತ್ತು ಪಟ್ಟು ಬದಲಾದ್ರ ಅದರ ಅಂಕಿ 25 ಡಿಗ್ರಿ ಸೆಲ್ಸಿಯಸ್‌ಗೆ 59 ಮಿಲಿವೋಲ್ಟ್, 40ಕ್ಕ 62 ಬದಲಾಗ್ತದ. ಬ್ಯಾಸಿಗ್ಯಾಗ ಸ್ಟ್ಯಾಂಡರ್ಡನ್ನ ಎಸಿ ರೂಮಿನಾಗ ಇಟ್ಟು, ಆಗಷ್ಟೇ ಬಿಸಿಲಿನಿಂದ ಬಂದ ಸ್ಯಾಂಪಲ್ ಓದಿದ್ರ ಲೆಕ್ಕ ತಪ್ತದ. ಎರಡೂ ಒಂದೇ ಟೇಬಲ್ ಮ್ಯಾಲ ಒಂದು ತಾಸು ಇಡ್ರಿ.