ಅಮೆರಿಕಕ್ಕೆ ವಲಸೆ: ನಾನು ಎರಡನೇ ತಲೆಮಾರೋ, ಮೂರನೆಯದೋ?

ತುಂಗಾತೀರ:
ತಂತ್ರಾಂಶದಲ್ಲಿ ನಮ್ಮ ಮನೆತನದ ವಂಶವೃಕ್ಷ ತುಂಬಿಸುತ್ತಿದ್ದೇನೆ. ತಾತ 1969ರಲ್ಲಿ ಶಿವಮೊಗ್ಗದಿಂದ ಅಮೆರಿಕಕ್ಕೆ ಹೋದರು. ಆರು ವರ್ಷದ ಅಪ್ಪನೂ ಜೊತೆಗಿದ್ದರು. ತಾತನ ತಾಯಿ ಬಂದದ್ದು 1982ರಲ್ಲಿ. ನಾನು ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ಮನೆಯವರ ಪ್ರಕಾರ ನಾನು ಮೂರನೇ ತಲೆಮಾರು, ಜನಗಣತಿಯವರ ಪ್ರಕಾರ ಎರಡನೆಯದು. ಯಾವುದನ್ನು ಹಾಕಲಿ? ಮುತ್ತಜ್ಜಿಗೆ ಸೊನ್ನೆ ಕೊಡಬೇಕೇ?

ಹಳೇಕಡತ:
ಸೊನ್ನೆ ಬೇಡ. ಇವು ಎರಡು ಬೇರೆ ಲೆಕ್ಕಗಳು. ಅಮೆರಿಕದ ಜನಗಣತಿ ಬ್ಯೂರೋ ಮುಖ್ಯವಾಗಿ ನೋಡುವುದು ಯಾರು ಎಲ್ಲಿ ಹುಟ್ಟಿದರು ಎಂಬುದನ್ನು. ಹೊರದೇಶದಲ್ಲಿ ಹುಟ್ಟಿ ಬಂದವರು ಮೊದಲನೆಯವರು. ಅಲ್ಲೇ ಹುಟ್ಟಿದ್ದು, ತಂದೆತಾಯಿಯರಲ್ಲಿ ಒಬ್ಬರಾದರೂ ಹೊರಗೆ ಹುಟ್ಟಿದವರಾಗಿದ್ದರೆ ಎರಡನೆಯವರು. ಹಾಗಾಗಿ ಮುತ್ತಜ್ಜಿ, ತಾತ, ಅಪ್ಪ ಮೂವರೂ ಮೊದಲನೆಯವರೇ. ನಿಮ್ಮ ಅಪ್ಪನಂತೆ ಚಿಕ್ಕಂದಿನಲ್ಲೇ ಹೋದವರನ್ನು ಸಮಾಜಶಾಸ್ತ್ರಜ್ಞರು ಒಂದೂವರೆ ತಲೆಮಾರು ಎನ್ನುವುದೂ ಉಂಟು. ಸಮೀಕ್ಷೆಗೆ ಅದು ಸರಿ, ವಂಶಾವಳಿಗೆ ಅದರ ಹಂಗಿಲ್ಲ.

ವಂಶಾವಳಿಯಲ್ಲಿ ಎಣಿಸುವುದು ತಂದೆಯಿಂದಲೋ ತಾಯಿಯಿಂದಲೋ ಮಗುವಿಗೆ ಇಳಿಯುವ ಮೆಟ್ಟಿಲನ್ನು. ಬೋಸ್ಟನ್ನಿನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 1870ರಿಂದ ರೂಢಿಗೆ ಬಂದ ರಿಜಿಸ್ಟರ್ ಪದ್ಧತಿಯನ್ನು ನೋಡಿ. ವಲಸೆ ಬಂದ ಮೂಲಪುರುಷನ ಹೆಸರಿನ ಪಕ್ಕ, ಮೇಲುಗಡೆ, ಸಣ್ಣದಾಗಿ 1 ಎಂದಿರುತ್ತದೆ; ಮಕ್ಕಳಿಗೆ 2, ಮೊಮ್ಮಕ್ಕಳಿಗೆ 3. ಅವನ ಹಿಂದಿನವರಿಗೆ ಅಂಕಿಯ ಬದಲು ಎ, ಬಿ ಎಂಬ ಅಕ್ಷರಗಳು. ಮುತ್ತಜ್ಜಿ ತಡವಾಗಿ ವಿಮಾನ ಹತ್ತಿದ ಮಾತ್ರಕ್ಕೆ ಮಗನಿಗಿಂತ ಕೆಳಗೆ ಇಳಿಯುವುದಿಲ್ಲ! ನಿಮ್ಮ ಮನೆಯವರ ಲೆಕ್ಕವನ್ನೇ ಇಟ್ಟುಕೊಳ್ಳಿ. ಹುಟ್ಟಿದ ಊರು, ವಲಸೆಯ ವರ್ಷ ಬೇರೆ ಕಲಮಿನಲ್ಲಿರಲಿ.

ತುಂಗಾತೀರ:
ಇದು ಬಗೆಹರಿಯಿತು. ಇನ್ನೊಂದು ತೊಡಕಿದೆ. ನಮ್ಮ ಚಿಕ್ಕಪ್ಪ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ಅವರ ಮಗುವಿಗೆ ಒಂದು ವರದಿಯಲ್ಲಿ 3 ಬರುತ್ತದೆ, ಇನ್ನೊಂದರಲ್ಲಿ 4.

ಹಳೇಕಡತ:
ಎರಡೂ ಸರಿ. ತಾತನಿಂದ ಚಿಕ್ಕಪ್ಪನ ಮೂಲಕ ಇಳಿದರೆ ಮಗು ಮೂರನೆಯದು, ಅತ್ತೆ ಮತ್ತು ಅವರ ಮಗಳ ಮೂಲಕ ಇಳಿದರೆ ನಾಲ್ಕನೆಯದು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದಲ್ಲ. ಈ ವರದಿಗಳನ್ನು ರೂಪಿಸಿದವರಿಗೆ ಅದರ ಅಂದಾಜೇ ಇದ್ದಂತಿಲ್ಲ. ಅಂಕಿಯನ್ನು ತಿದ್ದಲು ಹೋಗಬೇಡಿ. ಮುದ್ರಿಸುವಾಗ ಒಂದೇ ಎಳೆ ಹಿಡಿಯಿರಿ, ತಂದೆಯ ಕಡೆಯದಾದರೆ 3. ಷರಾದಲ್ಲಿ ‘ತಾಯಿಯ ಕಡೆಯಿಂದ 4’ ಎಂದು ಬರೆಯಿರಿ. ಚಿಕ್ಕಮ್ಮನ ಹೆಸರು ತಾತನಿಗೆ ಮೊಮ್ಮಗಳಾಗಿ ಒಮ್ಮೆ, ಸೊಸೆಯಾಗಿ ಮತ್ತೊಮ್ಮೆ ದಾಖಲಾಗಿದೆಯೇ ನೋಡಿ. ಹಾಗಿದ್ದರೆ ಮೊದಲು ಆ ಎರಡು ದಾಖಲೆಗಳನ್ನು ವಿಲೀನಗೊಳಿಸಿ, ಆಮೇಲೆ ವರದಿ ತೆಗೆಯಿರಿ.