ಪದಚರ್ಚೆ: ಇದನ್ನು ‘ಸಾಕ್ಷರತೆ’ ಅನ್ನಬಹುದಾ?

ಬೌದ್ಧಿಕ ಅಂಗವಿಕಲತೆ ಇರುವ ದೊಡ್ಡವರಿಗಾಗಿ ಲೈಬ್ರರಿಗಳು ನಡೆಸುವ ಓದಿನ ಕಾರ್ಯಕ್ರಮಗಳ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮುಖ್ಯವಾಗಿ ‘ಸಾಕ್ಷರತೆ’. ಈ ಪದ ಕೇಳಿದ ಕೂಡಲೇ ಅಕ್ಷರ ತಿದ್ದುವುದು, ಹೆಬ್ಬೆಟ್ಟು ಬಿಟ್ಟು ಸಹಿ ಹಾಕುವುದು ನೆನಪಾಗುತ್ತದೆ. ಔಷಧದ ಚೀಟಿ, ಬಸ್ಸಿನ ಬೋರ್ಡು ಓದಲು ಕಲಿಸುವ ತರಗತಿಗೆ ಅದು ಸರಿ. ಆದರೆ ಅಮೆರಿಕದ ಒಹಾಯೊದಲ್ಲಿ 2002ರಲ್ಲಿ ಶುರುವಾದ ನೆಕ್ಸ್ಟ್ ಚಾಪ್ಟರ್ ಬುಕ್ ಕ್ಲಬ್ ನೋಡಿ. ಅಲ್ಲಿ ಕೆಲವರು ಸುತ್ತ ಕೂತು ಒಂದೇ ಪುಸ್ತಕವನ್ನು ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಾರೆ. ಅಕ್ಷರ ಬಾರದವರೂ ಸೇರಬಹುದು. ಪಕ್ಕದವರು ನಾಲ್ಕು ಪದ ಓದಿ ನಿಲ್ಲಿಸುತ್ತಾರೆ, ಇವರು ಅದನ್ನೇ ಹೇಳುತ್ತಾರೆ. ಮತ್ತೆ ನಾಲ್ಕು ಪದ. ಹೀಗೇ ಪುಟ ಮುಗಿಯುತ್ತದೆ.

ಬ್ರಿಟನ್ನಿನಲ್ಲಂತೂ ಬರೀ ಚಿತ್ರಗಳಲ್ಲಿ ಕಥೆ ಹೇಳುವ ಪುಸ್ತಕಗಳನ್ನಿಟ್ಟುಕೊಂಡು ಲೈಬ್ರರಿಗಳಲ್ಲಿ ಓದುಗರ ಗುಂಪುಗಳು ಸೇರುತ್ತವೆ. ಚಿತ್ರದಲ್ಲಿರುವವನು ಯಾಕೆ ಸಿಟ್ಟಾಗಿದ್ದಾನೆ ಅಂತ ಒಬ್ಬರು ಹೇಳಿದರೆ ಇನ್ನೊಬ್ಬರು ಒಪ್ಪದೇ ಇರಬಹುದು. ಕಥೆ ಓದುವುದು ಅಂದರೆ ಇದೇ ಅಲ್ವಾ? ಒಂದಕ್ಷರವೂ ಇಲ್ಲದ ಈ ಓದನ್ನು ಸಾಕ್ಷರತೆ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ‘ಓದುಕೂಟ’ ಅಂದರೆ ಸರಿಹೋಗುತ್ತದಾ?

ಇನ್ನು ಪುಸ್ತಕಗಳ ವಿಷಯ. ಸಣ್ಣ ವಾಕ್ಯ, ಬಳಕೆಯ ಮಾತು, ಬಿಡಿಬಿಡಿಯಾಗಿ ಜೋಡಿಸಿದ ಸಾಲುಗಳಲ್ಲಿ ದೊಡ್ಡವರಿಗೆಂದೇ ಬರೆದ ಪುಸ್ತಕಗಳು ಸ್ವೀಡನ್ನಿನಲ್ಲಿ 1968ರಿಂದ ಬರುತ್ತಿವೆ. ಇವನ್ನು ‘ನವಸಾಕ್ಷರ ಸಾಹಿತ್ಯ’ ಅನ್ನಿ ಎಂದು ಒಬ್ಬ ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ನವಸಾಕ್ಷರರು ಇವತ್ತಲ್ಲ ನಾಳೆ ದೊಡ್ಡ ಪುಸ್ತಕಕ್ಕೆ ದಾಟುತ್ತಾರೆ ಅನ್ನುವ ಎಣಿಕೆ ಆ ಪದದೊಳಗಿದೆ. ಇಲ್ಲಿ ಕೆಲವರು ಜೀವನಪೂರ್ತಿ ಇಂಥ ಪುಸ್ತಕಗಳನ್ನೇ ಓದುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ‘ಸುಲಭ ಓದು’ ಅಂತ ಸದ್ಯಕ್ಕೆ ಬರೆದಿದ್ದೇನೆ. ಆ ಹೆಸರು ನೋಡಿ ಯಾರೂ ಇವನ್ನು ಮಕ್ಕಳ ಕಪಾಟಿಗೆ ಸೇರಿಸಬಾರದು, ಅದೊಂದೇ ನನ್ನ ಚಿಂತೆ. ಪ್ರೀತಿ, ಕೆಲಸ, ಸಾವು ಎಲ್ಲವೂ ಇವುಗಳಲ್ಲಿ ಬರುತ್ತವೆ.

ಓದುಗರನ್ನು ಏನನ್ನಬೇಕು ಅನ್ನುವುದರಲ್ಲಿ ನನಗೆ ಗೊಂದಲವಿಲ್ಲ. ‘ಬುದ್ಧಿಮಾಂದ್ಯ’ ಬೇಡ. ಅಂಥದೇ ಹಳೆಯ ಪದವನ್ನು ಅಮೆರಿಕ 2010ರಲ್ಲಿ ಕಾಯ್ದೆ ಮಾಡಿಯೇ ತನ್ನ ಹಲವು ಕೇಂದ್ರ ಕಾನೂನುಗಳಿಂದ ತೆಗೆಯಿತು. ‘ವಿಶೇಷ ಮಕ್ಕಳು’ ಅನ್ನುವುದೂ ಬೇಡ. ನಲವತ್ತು ದಾಟಿದವರು ಮಕ್ಕಳು ಹೇಗಾಗುತ್ತಾರೆ? ಇವರನ್ನು ಏಕವಚನದಲ್ಲಿ ಕರೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜಾಸ್ತಿ. ಹಾಗಾಗಿ ಸ್ವಯಂಸೇವಕರು ಆಡಬೇಕಾದ ಮಾತುಗಳ ಮಾದರಿಯನ್ನೆಲ್ಲ ‘ನೀವು ಓದ್ತೀರಾ?’, ‘ನಿಮಗೆ ಏನನ್ನಿಸಿತು?’ ಅಂತಲೇ ಬರೆದಿದ್ದೇನೆ.

ಇನ್ನೂ ಪದ ಸಿಗದೇ ಇರುವುದು ಆ ನಾಲ್ಕು ನಾಲ್ಕು ಪದಗಳ ಓದಿಗೆ. ‘ಹೇಳಿಕೊಟ್ಟು ಓದಿಸುವುದು’ ಅಂದರೆ ಒಬ್ಬರು ಮೇಷ್ಟ್ರು, ಇನ್ನೊಬ್ಬರು ಶಿಷ್ಯ ಆಗಿಬಿಡುತ್ತಾರೆ. ‘ಜೊತೆಯೋದು’ ಅಂದರೆ ಇಬ್ಬರೂ ಒಟ್ಟಿಗೇ ದನಿಗೂಡಿಸಿದ ಹಾಗೆ ಕೇಳಿಸುತ್ತದೆ. ಒಬ್ಬರ ಹಿಂದೆ ಒಬ್ಬರು, ಆದರೆ ಇಬ್ಬರೂ ಸರಿಸಮ. ಅಂಥ ಆಡುಮಾತು ನಿಮ್ಮ ಕಡೆ ಇದ್ದರೆ ತಿಳಿಸಿ.