ದೊಡ್ಡಪ್ಪನ ಬಲಗೈ: ಮನೆಯವರ ಗುಂಪಿನಲ್ಲಿ ಒಂದು ಭಾನುವಾರ

ಥಾಣೆ ಚಿಕ್ಕಪ್ಪ: ಮೇಲೆ ಕಳಿಸಿರುವ ವಿಡಿಯೊವನ್ನು ಎಲ್ಲರೂ ಪೂರ್ತಿ ನೋಡಬೇಕೆಂದು ಕೋರುತ್ತೇನೆ. ಲಕ್ವ ಹೊಡೆದು ಗಾಲಿಕುರ್ಚಿ ಹಿಡಿದವರು ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳ ಚಿಕಿತ್ಸೆಯ ನಂತರ ಮೆಟ್ಟಿಲು ಹತ್ತುತ್ತಿದ್ದಾರೆ. ಅಣ್ಣನಿಗೆ ಲಕ್ವ ಹೊಡೆದು ಇಂದಿಗೆ ಎಪ್ಪತ್ತು ದಿನ; ಬಲಗೈ ಇನ್ನೂ ಮಡಿಲಲ್ಲೇ ಬಿದ್ದಿದೆ. ಕ್ಲಿನಿಕ್ಕಿಗೆ ಫೋನು ಮಾಡಿ ವಿಚಾರಿಸಿದೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಿಂದ ಕೋಶಗಳನ್ನು ಬೇರ್ಪಡಿಸಿ, ಬೆನ್ನಿನ ಮೂಲಕ ಒಳಗೆ ಬಿಡುತ್ತಾರಂತೆ. ಮೂರು ಸುತ್ತಿಗೆ ಒಂಬತ್ತು ಲಕ್ಷ. ಬೈಂದೂರಿನ ಗದ್ದೆಯಲ್ಲಿ ನನ್ನ ಪಾಲನ್ನು ಮಾರಲು ನಾನು ಸಿದ್ಧನಿದ್ದೇನೆ.

ಡೊಂಬಿವಲಿ ಅತ್ತೆ: ತಡ ಮಾಡಬೇಡಿ. ಉಣ್ಣುವ ಕೈಯೇ ಏಳದಿದ್ದರೆ ಗದ್ದೆ ಇಟ್ಟುಕೊಂಡು ಏನು ಮಾಡುವುದು?

ಪುಣೆ ಅಕ್ಕ: ಚಿಕ್ಕಪ್ಪ, ಹದಿನಾಲ್ಕು ವರ್ಷದಿಂದ ರೋಗಿಗಳಿಗೆ ಫಿಸಿಯೋಥೆರಪಿ ಮಾಡಿಸುತ್ತಿರುವವಳಾಗಿ ಹೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ. ಮೊದಲ ತಿಂಗಳುಗಳಲ್ಲಿ ಏನೂ ಚುಚ್ಚದೆಯೇ ಎಷ್ಟೋ ಮಂದಿ ಮತ್ತೆ ನಡೆಯುತ್ತಾರೆ; ವಿಡಿಯೊದಲ್ಲಿರುವವರು ಎಷ್ಟನೆಯ ತಿಂಗಳಿನಲ್ಲಿದ್ದರು ಎಂಬುದನ್ನೇ ಅದು ಹೇಳುವುದಿಲ್ಲ. ಮಜ್ಜೆಯ ಕೋಶಗಳ ಪರೀಕ್ಷೆ ನಮ್ಮ ದೇಶದಲ್ಲೇ ನಡೆದಿದೆ. ದೆಹಲಿಯ ಏಮ್ಸ್ ಆಸ್ಪತ್ರೆಯ ಮುಂದಾಳತ್ವದಲ್ಲಿ ಐದು ಕೇಂದ್ರಗಳ 120 ಲಕ್ವ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅವರದೇ ಮಜ್ಜೆಯ ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅದು ಸುರಕ್ಷಿತವೆಂದು ಕಂಡುಬಂತು. ಆದರೆ ಆರು ತಿಂಗಳ ಬಳಿಕ ಉಣ್ಣುವ, ಉಡುವ, ನಡೆಯುವ ಶಕ್ತಿಯಲ್ಲಿ ಎರಡೂ ಗುಂಪುಗಳು ಒಂದೇ ಮಟ್ಟದಲ್ಲಿದ್ದವು.

ಥಾಣೆ ಚಿಕ್ಕಪ್ಪ: ಅವರು ಕೊಟ್ಟದ್ದು ರಕ್ತನಾಳಕ್ಕೆ, ಇವರು ಕೊಡುವುದು ಬೆನ್ನಿನ ಮೂಲಕ. ಅಲ್ಲದೆ 2016ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು ಮಿದುಳಿಗೇ ಕೋಶಗಳನ್ನು ಸೇರಿಸಿ, ವರ್ಷಗಟ್ಟಲೆ ಹಳೆಯ ಲಕ್ವದವರಲ್ಲೂ ಸುಧಾರಣೆ ಕಂಡಿದ್ದರು. ಅದೇ ಕೋಶಕ್ಕೆ ಜಪಾನ್ 2024ರಲ್ಲಿ ಅನುಮತಿಯನ್ನೂ ಕೊಟ್ಟಿದೆ.

ಪುಣೆ ಅಕ್ಕ: ಆ 2016ರ ಅಧ್ಯಯನದಲ್ಲಿ ಇದ್ದವರು 18 ಮಂದಿ, ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಮುಂದೆ 163 ಮಂದಿಯ ಮೇಲೆ, ಕೆಲವರಿಗೆ ಶಸ್ತ್ರಚಿಕಿತ್ಸೆಯ ನಟನೆಯನ್ನಷ್ಟೇ ಮಾಡಿ ಹೋಲಿಸಿದಾಗ, ಅಂದುಕೊಂಡ ಗುರಿ ಮುಟ್ಟಲಿಲ್ಲವೆಂದು 2019ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಜಪಾನಿನ ಅನುಮತಿ ಪೆಟ್ಟಿನಿಂದ ಮಿದುಳಿಗೆ ಗಾಯವಾದವರಿಗೆ, ಅದೂ ಷರತ್ತಿನ ಮೇಲೆ; ಲಕ್ವಕ್ಕೆ ಅಲ್ಲ. ಇನ್ನು ಬೆನ್ನಿನ ದಾರಿ ಬೇರೆ ಎನ್ನುವುದು ನಿಜ, ಆದರೆ ದಾರಿ ಬೇರೆಯಾದರೆ ಅದಕ್ಕೆ ಪುರಾವೆಯನ್ನೂ ಬೇರೆಯಾಗಿಯೇ ತೋರಿಸಬೇಕಲ್ಲವೇ?

ಮಾಟುಂಗಾ ಮಾವ: ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಾಗದ ನೋಡಿದವನು ನಾನು, ಆದ್ದರಿಂದ ಕಾಗದವನ್ನೇ ಕೇಳುತ್ತೇನೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತ ಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಕೊಡುವುದೇನಿದ್ದರೂ ಅನುಮತಿ ಪಡೆದ, ರೋಗಿಗಳ ಮೇಲೆ ಚಿಕಿತ್ಸೆಯನ್ನು ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ನೊಳಗೆ. ಟ್ರಯಲ್ ಆದರೆ ರೋಗಿಯಿಂದ ಹಣ ವಸೂಲಿ ಮಾಡುವಂತಿಲ್ಲ. ಇವರು ಒಂಬತ್ತು ಲಕ್ಷ ಕೇಳುತ್ತಿದ್ದಾರೆ. ಟ್ರಯಲ್‌ನ ನೋಂದಣಿ ಸಂಖ್ಯೆ ಕೊಡುತ್ತಾರೆಯೇ?

ಥಾಣೆ ಚಿಕ್ಕಪ್ಪ: ನಿಮಗೆಲ್ಲ ಕಾಗದ ಮುಖ್ಯ. ಬರಬೇಕಾದ ಸುಧಾರಣೆ ಹೆಚ್ಚುಕಡಿಮೆ ಬಂದಾಗಿದೆ ಎಂದು ಡಾಕ್ಟರು ಹೇಳಿದಾಗ ಅಣ್ಣನ ಮುಖ ನೋಡಿದವನು ನಾನೊಬ್ಬನೇ.

ಪುಣೆ ಅಕ್ಕ: ಆ ಮಾತನ್ನು ನಾನು ಒಪ್ಪುವುದಿಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಲಕ್ವ ಹೊಡೆದ 72 ಮಂದಿಯನ್ನು ಗುಂಪು ಮಾಡಿ, ಕೈಗೆ ಹೆಚ್ಚುವರಿ 20 ಗಂಟೆಗಳ ತೀವ್ರ ಅಭ್ಯಾಸವನ್ನು ಬೇರೆ ಬೇರೆ ಕಾಲದಲ್ಲಿ ಕೊಟ್ಟರು. ಎಲ್ಲಕ್ಕಿಂತ ಹೆಚ್ಚು ಫಲ ಸಿಕ್ಕಿದ್ದು ಎರಡರಿಂದ ಮೂರು ತಿಂಗಳ ಹೊತ್ತಿಗೆ ಶುರು ಮಾಡಿದವರಿಗೆ, ಆರು ತಿಂಗಳ ನಂತರ ಶುರು ಮಾಡಿದವರಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಸಣ್ಣ ಅಧ್ಯಯನ, ನಿಜ. ಆದರೆ ದೊಡ್ಡಪ್ಪ ಈಗ ಸರಿಯಾಗಿ ಆ ಕಾಲದಲ್ಲಿದ್ದಾರೆ, ಮತ್ತು ಅವರಿಗೆ ಸಿಗುತ್ತಿರುವುದು ವಾರಕ್ಕೆ ಮೂರು ಸಲ ಮುಕ್ಕಾಲು ಗಂಟೆ. ಅದರಲ್ಲೂ ಕಾಲಿಗೇ ಬಹುಪಾಲು. ಗದ್ದೆ ಮಾರದೆಯೇ, ಮೂರು ತಿಂಗಳು ತುಂಬಲು ಉಳಿದಿರುವ ಈ ಇಪ್ಪತ್ತು ದಿನ ದಿನಕ್ಕೆರಡು ಗಂಟೆ ಕೈಗಾಗಿಯೇ ಕೊಡಿಸಬಹುದು.

ಡೊಂಬಿವಲಿ ಅತ್ತೆ: ಎರಡನ್ನೂ ಮಾಡಿಸಿದರೆ ಆಗದೇ?

ಪುಣೆ ಅಕ್ಕ: ಬೆನ್ನಿಗೆ ಮೂರು ಸಲ ಸೂಜಿ ಚುಚ್ಚಿಸಿಕೊಂಡು ಮಲಗಿದಷ್ಟು ದಿನ ಅಭ್ಯಾಸ ನಿಲ್ಲುತ್ತದೆ ಅತ್ತೆ. ಇರುವುದೇ ಇಪ್ಪತ್ತು ದಿನ.

ಮುಲುಂಡ್ ದೊಡ್ಡಮ್ಮ: ನಿಮ್ಮೆಲ್ಲರ ಸಂದೇಶಗಳನ್ನು ಅವರಿಗೇ ಓದಿ ಹೇಳಿದೆ. ಆಮೇಲೆ ಮಾಟುಂಗಾ ಭಾವನವರು ಹೇಳಿದ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕೇಳಿದೆ. ವಾಟ್ಸಾಪಿನಲ್ಲಿ ಕಳಿಸುತ್ತೇವೆ ಎಂದರು, ಸಂಜೆಯಾದರೂ ಬಂದಿಲ್ಲ. ಅದು ಬರುವವರೆಗೆ ಗದ್ದೆಯ ಮಾತು ಬೇಡ. ನಾಳೆಯಿಂದ ಫಿಸಿಯೋ ಹುಡುಗಿ ಬೆಳಿಗ್ಗೆ ಎರಡು ಗಂಟೆ ಇರಲು ಒಪ್ಪಿದ್ದಾಳೆ, ಆದರೆ ಅವರನ್ನು ಹಿಡಿದು ಕೂರಿಸಲು ಇನ್ನೊಬ್ಬರು ಬೇಕಂತೆ. ಥಾಣೆಯಿಂದ ಏಳಕ್ಕೆ ಬರಲು ಆಗುತ್ತದೆಯೇ?

ಥಾಣೆ ಚಿಕ್ಕಪ್ಪ: ಆರೂ ಮುಕ್ಕಾಲಿಗೇ ಬರುತ್ತೇನೆ ಅತ್ತಿಗೆ. ಆದರೆ ಸಂಖ್ಯೆ ಬಂದರೆ ನನಗೆ ತಿಳಿಸಬೇಕು.